ಐವತ್ತಕ್ಕೆ ಮೊದಲೊಂದು ವೈರ್ ಬ್ಯಾಗು

ತುಮಕೂರಿನ ಶಿರಾ ಗೇಟಿನಲ್ಲಿ ನನಗೆ ಧೈರ್ಯವಂತ ಎಂಬ ಹೆಸರಿದೆ. ಬ್ರೇಕು ಕೆಟ್ಟ ಸೈಕಲ್ಲನ್ನು ರಿಪೇರಿ ಮಾಡಿ, ಅದು ಸರಿಯಾಯಿತೋ ಇಲ್ಲವೋ ಎಂದು ಲಾರಿಗಳ ನಡುವೆ ಓಡಿಸಿ ನೋಡುವವನು ನಾನೇ. ಅಂಥವನು ಒಂದು ವರ್ಷವಿಡೀ ಕ್ಯಾಲೆಂಡರಿನ ಒಂದು ಹಾಳೆಗೆ ಹೆದರಿಕೊಂಡು ಬದುಕಿದೆ ಎಂದರೆ ನೀವು ನಗುತ್ತೀರಿ. ನಗಿ, ಬೇಡವೆನ್ನುವುದಿಲ್ಲ. ಆಗ ನನಗೆ ನಗು ಬರುತ್ತಿರಲಿಲ್ಲ, ಅಷ್ಟೇ.

ವಿಷಯ ಇಷ್ಟು. ಕೆಲವರ ಮನೆಯಲ್ಲಿ ಪಡವಲಕಾಯಿ ತಿನ್ನುವುದಿಲ್ಲ. ಕೆಲವರ ಮನೆಯಲ್ಲಿ ಕರಿ ಸೀರೆ ಉಡುವುದಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಐವತ್ತು ಕಾಣುವುದಿಲ್ಲ. ಇದನ್ನು ನಾನು ಹುಡುಗನಾಗಿದ್ದಾಗಿನಿಂದ, ಮಳೆ ಬಿಸಿಲಿನ ಮಾತು ಕೇಳಿದಷ್ಟೇ ಸಲೀಸಾಗಿ ಕೇಳುತ್ತ ಬೆಳೆದೆ. ಅಪ್ಪ ಐವತ್ತಾಗುವ ಮುಂಚೆ ಹೋದ. ಅಣ್ಣನೂ ಹಾಗೇ ಹೋದ. ಅಣ್ಣನಿಗೆ ಹಾವು ಕಚ್ಚಿದ್ದು ನಿಜ, ಆದರೆ ಭಯಕ್ಕೆ ಕಾರಣಗಳು ಬೇಕಾಗಿಲ್ಲ, ಲೆಕ್ಕವೊಂದಿದ್ದರೆ ಸಾಕು. ಎಂಬತ್ತರ ದಶಕ ಶುರುವಾದ ಹೊತ್ತಿಗೆ ಲೆಕ್ಕ ನನ್ನ ಹತ್ತಿರ ಬಂದು ನಿಂತಿತು. ಬರುವ ಜೂನ್ ಒಂದಕ್ಕೆ ನನಗೆ ಐವತ್ತು.

ಜೂನ್ ಒಂದು ಎಂದ ಕೂಡಲೇ ನನ್ನ ವಯಸ್ಸಿನವರು ಮುಸಿಮುಸಿ ನಗುತ್ತಾರೆ. ನಮ್ಮ ಕಾಲದಲ್ಲಿ ಅರ್ಧ ಜಿಲ್ಲೆ ಹುಟ್ಟಿದ್ದೇ ಅವತ್ತು. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಜೂನ್ ಒಂದಕ್ಕೆ ಐದು ವರ್ಷ ಎಂದು ಬರೆದುಕೊಂಡರೆ ಮುಗಿಯಿತು, ಅವನು ಹುಟ್ಟಿದ ಹಾಗೆ. ನಾನು ಆ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಇದ್ದೆ. ಆಮೇಲೆ ಕೈಗೆ ಸ್ಪ್ಯಾನರು ಬಂತು. ಓದು ಬಿಟ್ಟಿದ್ದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆದರೆ ಮೇಷ್ಟ್ರು ಹೇಳಿದ ಮಾತು ಸುಳ್ಳಿರಬಹುದು ಎಂದು ಅನುಮಾನ ಪಡುವಷ್ಟು ಓದಿರಲೂ ಇಲ್ಲ.

ಐವತ್ತರ ವಿಚಾರದಲ್ಲಿ ನಮ್ಮ ಹಿರಿಯರು ಒಂದು ಅನ್ಯಾಯ ಮಾಡಿದ್ದಾರೆ. ಮಗುವಿಗೆ ಒಂದು ತುಂಬಿದರೆ ಆರತಿ ಉಂಟು. ಅರವತ್ತಾದರೆ ಶಾಂತಿ ಮಾಡಿಸಿ, ಮುದುಕ ಮುದುಕಿಯನ್ನು ಮಣೆಯ ಮೇಲೆ ಕೂರಿಸಿ ಇನ್ನೊಂದು ಸಲ ಹಾರ ಹಾಕಿಸುತ್ತಾರೆ. ನಡುವೆ ಬಿದ್ದ ಐವತ್ತಕ್ಕೆ ಒಂದು ಮಂತ್ರವಿಲ್ಲ, ಒಂದು ಪಾಯಸವಿಲ್ಲ. ಸೇತುವೆಯಿಲ್ಲದ ಹಳ್ಳ ಅದು. ದಾಟುವವನು ಒಬ್ಬನೇ ಪಂಚೆ ಎತ್ತಿ ಕಟ್ಟಿಕೊಂಡು ಇಳಿಯಬೇಕು.

ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ಭಯ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿತ್ತು. ಆಗೆಲ್ಲ ನಾನು ಗೋಡೆಗೆ ನೇತುಹಾಕಿದ ರಿಮ್ಮುಗಳನ್ನು ನೋಡುತ್ತ ಯೋಚಿಸುತ್ತಿದ್ದೆ. ಇಷ್ಟು ವರ್ಷ ದುಡಿದೆನಲ್ಲ, ನನ್ನ ಕೈಯದು ಎಂದು ಮನೆಯಲ್ಲಿ ಏನಿದೆ? ನಾನು ರಿಪೇರಿ ಮಾಡಿದ್ದೆಲ್ಲ ಉರುಳಿಕೊಂಡು ಬೇರೆಯವರ ಮನೆಗೆ ಹೋಗುತ್ತದೆ. ಅಪ್ಪನಿಂದ ನನಗೆ ಬಂದದ್ದು ಒಂದು ಕುಡುಗೋಲು ಮತ್ತು ಈ ಭಯ. ನಾನು ಹೋದ ಮೇಲೆ ಹೆಂಡತಿ ಗಂಗಮ್ಮ ‘ಇದು ಅವರು ಮಾಡಿದ್ದು’ ಎಂದು ತೋರಿಸಲು ಒಂದು ವಸ್ತುವಾದರೂ ಬೇಡವೇ? ಸೈಕಲ್ ಪಂಪನ್ನು ತೋರಿಸುವುದಕ್ಕಾಗುತ್ತದೆಯೇ?

ಹಾಗೆ ಶುರುವಾಯಿತು ನನ್ನ ಕಲಿಕೆ. ಕಾರಣ ಯಾರಿಗೂ ಹೇಳಲಿಲ್ಲ. ಹೇಳಿದರೆ ಧೈರ್ಯವಂತ ಎಂಬ ಹೆಸರು ಏನಾಗಬೇಕು?

ಮೊದಲು ಚಿತ್ರ. ಪೇಟೆಯಲ್ಲಿ ಬೋರ್ಡು ಬರೆಯುವವರೊಬ್ಬರು ಭಾನುವಾರ ಕ್ಲಾಸು ನಡೆಸುತ್ತಿದ್ದರು. ಮೇಜಿನ ಮೇಲೆ ಹಣ್ಣಿಟ್ಟು ಬರೆಯಿರಿ ಎಂದರು. ನಾನು ಬರೆದ ಕಿತ್ತಳೆಹಣ್ಣು ರಿಮ್ಮಿನ ಹಾಗಿತ್ತು, ಸೀಬೆಹಣ್ಣು ಬೆಂಡಾದ ರಿಮ್ಮಿನ ಹಾಗಿತ್ತು. ದ್ರಾಕ್ಷಿಯಂತೂ ಬಾಲ್‌ಬೇರಿಂಗು. ಗುರುಗಳು ತುಂಬ ಹೊತ್ತು ನೋಡಿ, ‘ನಿಮ್ಮ ಕೈಯಲ್ಲಿ ದುಂಡಗೆ ಚೆನ್ನಾಗಿ ಬರ್ತದೆ’ ಎಂದರು. ಒಳ್ಳೆಯ ಮನುಷ್ಯ. ಅವರಿಗೆ ಇನ್ನು ತೊಂದರೆ ಕೊಡಲಿಲ್ಲ.

ಆಮೇಲೆ ಹಾರ್ಮೋನಿಯಂ. ಇದಕ್ಕೆ ಗುಬ್ಬಿಗೆ ಹೋಗಬೇಕಿತ್ತು. ಅಲ್ಲಿ ನಂಜುಂಡಪ್ಪ ಮೇಷ್ಟ್ರು ಎಂದು, ನಾಟಕಗಳಿಗೆ ನುಡಿಸಿ ನುಡಿಸಿ ಹಣ್ಣಾದವರು, ಭಾನುವಾರ ಮನೆಯ ಜಗಲಿಯಲ್ಲೇ ಹೇಳಿಕೊಡುತ್ತಿದ್ದರು. ಹಾರ್ಮೋನಿಯಂ ಕಲಿಯುವವನಿಗೆ ಒಂದು ಕೈ ಮುಂದೆ ಸ್ವರದ ಮನೆಗಳ ಮೇಲೆ, ಇನ್ನೊಂದು ಕೈ ಹಿಂದೆ ಗಾಳಿ ತುಂಬುವ ತಿದಿಯ ಮೇಲೆ ಇರಬೇಕು. ದೇವರು ನನಗೆ ತಲೆ ದೊಡ್ಡದು ಕೊಟ್ಟು ಕೈ ಮೋಟು ಕೊಟ್ಟಿದ್ದಾನೆ. ನನ್ನ ಅಂಗಿಯ ತೋಳನ್ನು ದರ್ಜಿ ಯಾವಾಗಲೂ ಒಳಕ್ಕೆ ಮಡಿಸಿಯೇ ಹೊಲಿಯುವುದು. ತಿದಿ ಎಟುಕಲಿ ಎಂದು ನಾನು ಪೆಟ್ಟಿಗೆಯ ಮೇಲೆ ಬಗ್ಗಿದರೆ ಗಲ್ಲ ಹೋಗಿ ಮರಕ್ಕೆ ತಾಗುತ್ತಿತ್ತು.

‘ಸಿದ್ದಪ್ಪನೋರೇ, ಪೆಟ್ಟಿಗೇನ ತಬ್ಕೋಬೇಡಿ, ನುಡಿಸಿ’ ಎಂದರು ಮೇಷ್ಟ್ರು.

‘ಒಂದು ಹಾಡು ಬರೋಕೆ ಎಷ್ಟು ದಿನ ಬೇಕು ಮೇಷ್ಟ್ರೇ?’

‘ದಿನಾನಾ! ಎರಡು ವರ್ಷ ಒತ್ತಿ. ಆಮೇಲೆ ಪೆಟ್ಟಿಗೇನೇ ನಿಮ್ಮನ್ನ ಕರೀತದೆ.’

ಎರಡು ವರ್ಷ! ನನ್ನ ಹತ್ತಿರ ಇದ್ದದ್ದು ಕೆಲವು ತಿಂಗಳು. ಜಾಮೀನು ಕೊಡಲಾಗದ ಸಾಲಗಾರನ ಹಾಗೆ ಜಗಲಿಯಿಂದ ಇಳಿದು ಬಂದೆ. ಬರುವಾಗ ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೂ ನನ್ನ ಎದೆಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನನ್ನ ಅಂಗಡಿಯ ಪಕ್ಕ ರಹಮತ್‌ನ ಹಾಸಿಗೆ ಅಂಗಡಿ. ಹತ್ತಿ ಎಕ್ಕುತ್ತ ಎಕ್ಕುತ್ತ ಊರಿನವರನ್ನೆಲ್ಲ ಎಕ್ಕುವುದು ಅವನ ಅಭ್ಯಾಸ. ‘ಏನ್ ಸಿದ್ದಣ್ಣ, ಮೊನ್ನೆ ಚಿತ್ರ, ನಿನ್ನೆ ಸಂಗೀತ. ನಾಳೆ ಭರತನಾಟ್ಯನಾ? ಹೇಳ್ಬುಡು, ಗೆಜ್ಜೆ ನಾನು ಕೊಡುಸ್ತೀನಿ.’

‘ನಿಲ್ಲುವಂಥದ್ದು ಏನಾದ್ರೂ ಕಲೀಬೇಕು ಕಣೋ. ಕೈಯಲ್ಲಿ ಹಿಡಿಯೋ ಅಂಥದ್ದು.’

‘ಹಂಗಾದ್ರೆ ನಮ್ಮ ಮನೆಗೆ ಬಾ. ನಮ್ಮ ಮನೆಯೋಳು ಜೈನಾಬಿ ವೈರ್ ಬ್ಯಾಗ್ ಕ್ಲಾಸ್ ಮಾಡ್ತಾಳೆ. ಆದ್ರೆ ಅಲ್ಲಿ ಇರೋರೆಲ್ಲ ಹೆಂಗಸ್ರು. ನಿನ್ನ ಮೀಸೆ ನೋಡಿ ಹೆದರ್ಕೊಂಡು ಓಡೋದ್ರೆ ಫೀಸು ನೀನೇ ಕೊಡು.’

ಆ ಕಾಲದಲ್ಲಿ ಪ್ಲಾಸ್ಟಿಕ್ ವೈರ್ ಬ್ಯಾಗು ಹೆಣೆಯದ ಮನೆ ತುಮಕೂರಿನಲ್ಲಿ ಇರಲಿಲ್ಲ. ಸಂತೆಗೆ ಹೋದರೆ ಎಲ್ಲರ ಕೈಯಲ್ಲೂ ಅದೇ. ಕೆಂಪು ಬಿಳಿ, ಹಸಿರು ಹಳದಿ. ಅದು ಹರಿಯುವುದಿಲ್ಲ, ಕೊಳೆಯುವುದಿಲ್ಲ, ಸುಟ್ಟರೂ ಪೂರ್ತಿ ಹೋಗುವುದಿಲ್ಲ. ನನಗೆ ಬೇಕಾದದ್ದು ಇದೇ ಎನಿಸಿತು. ಮೀಸೆ ಹೊತ್ತುಕೊಂಡು ಹೋಗಿ ಹೆಂಗಸರ ನಡುವೆ ಚಾಪೆಯ ಮೂಲೆಯಲ್ಲಿ ಕೂತೆ. ಯಾರೂ ಓಡಲಿಲ್ಲ. ಎರಡನೇ ವಾರಕ್ಕೆ ನನ್ನ ಮುಂದೆಯೇ ಅತ್ತೆಯರನ್ನು ಬೈಯತೊಡಗಿದರು.

ಜೈನಾಬಿ ವೈರನ್ನು ಮೊಳದ ಲೆಕ್ಕದಲ್ಲಿ ಕತ್ತರಿಸಲು ಹೇಳುತ್ತಿದ್ದಳು. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಎಲ್ಲರೂ ಅವರವರ ಕೈಯಲ್ಲಿ ಅಳೆದರು, ನಾನು ನನ್ನ ಕೈಯಲ್ಲಿ ಅಳೆದೆ. ತಳ ಚೆನ್ನಾಗಿ ಬಂತು. ಗಂಟು ಬಿಗಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಚಕ್ರದ ಕಡ್ಡಿ ಬಿಗಿದ ಬೆರಳುಗಳಲ್ಲವೇ. ಆದರೆ ಬೇರೆಯವರ ಬ್ಯಾಗು ಎದ್ದು ನಿಲ್ಲುವ ಹೊತ್ತಿಗೆ ನನ್ನದು ವೈರು ಮುಗಿದು ನಡುವಿನಲ್ಲೇ ಕೂತುಬಿಟ್ಟಿತು.

‘ಭಾಯಿ, ಇದೇನು ಬ್ಯಾಗಾ, ಬಟ್ಟಲಾ?’ ಎಂದು ಜೈನಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಪಾಪ ಎನಿಸಿರಬೇಕು, ಹಿಡಿಗೆ ಬೇರೆ ವೈರು ಕೊಟ್ಟಳು. ಅಂತೂ ಬ್ಯಾಗಾಯಿತು. ಗಿಡ್ಡ ಬ್ಯಾಗು, ಉದ್ದ ಹಿಡಿ.

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ದೇವರ ಗೂಡಿನಲ್ಲಿ ಬೆಂಕಿಪೊಟ್ಟಣ ಹುಡುಕುವಾಗ, ಪಟದ ಹಿಂದೆ ಅರಿಶಿನ ಬಟ್ಟೆಯ ಒಂದು ಗಂಟು ಕೈಗೆ ಸಿಕ್ಕಿತು. ಯಡಿಯೂರು ಸಿದ್ಧಲಿಂಗೇಶ್ವರನಿಗೆ ಕಟ್ಟಿಟ್ಟ ಮುಡಿಪು. ಗಂಗಮ್ಮ ಒಲೆಯ ಮುಂದಿದ್ದಳು.

‘ಇದ್ಯಾಕೆ?’ ಎಂದೆ.

ಅವಳು ತಿರುಗಿ ನೋಡದೆ, ‘ಜೂನ್ ಕಳೀಲಿ, ಹೇಳ್ತೀನಿ’ ಎಂದಳು.

ನಾನು ಬಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ಅವಳೂ ವರ್ಷದಿಂದ ಬಚ್ಚಿಟ್ಟಿದ್ದಳು. ಒಬ್ಬನೇ ಹೆದರುವಾಗ ‘ಇದು ನನ್ನ ಹುಚ್ಚು’ ಎಂದುಕೊಳ್ಳಬಹುದು. ಮನೆಯಲ್ಲಿ ಇಬ್ಬರು ಹೆದರಿದರೆ ಅದು ನಿಜವೇ ಇರಬೇಕು ಎನಿಸುತ್ತದೆ. ಅವತ್ತು ನಾನು ಚಟ್ನಿಯನ್ನೂ ಹೊಗಳಿ ಊಟ ಮಾಡಿದೆ. ಅದು ಅವಳನ್ನು ಇನ್ನಷ್ಟು ಹೆದರಿಸಿತು.

ಮಾರನೆಯ ದಿನವೇ ಬ್ಯಾಗು ಹಿಡಿದುಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕ ಕೆಂಪಕ್ಕನ ಮನೆ. ಅಮ್ಮ ಹೊಲಕ್ಕೆ ಹೋದಾಗೆಲ್ಲ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಬ್ಯಾಗು ಮೊದಲು ಗಂಗಮ್ಮನಿಗೆ ಎಂದುಕೊಂಡಿದ್ದೆ, ಆದರೆ ಅವಳ ಕೈಗೆ ಕೊಡಲು ಧೈರ್ಯ ಬರಲಿಲ್ಲ. ಕೊಟ್ಟರೆ ಕೊನೆಯ ಕಾಣಿಕೆಯ ಹಾಗೆ ಕಂಡೀತು. ಅಕ್ಕನಿಗೆ ಕೊಟ್ಟು, ಒಂದು ಸಲ ಮುಖ ನೋಡಿ ಬಂದುಬಿಡೋಣ ಎಂದು ಹೊರಟೆ.

ಅಕ್ಕ ಹಿತ್ತಲಿನಲ್ಲಿ ಅವರೆಕಾಳು ಆರಹಾಕುತ್ತಿದ್ದಳು. ಬ್ಯಾಗನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

‘ಇದ್ಯಾಕ್ಲಾ ಇಷ್ಟು ಗಿಡ್ಡ?’

‘ನನ್ನ ಮೊಳದಲ್ಲಿ ಅಳೆದೆ ಅಕ್ಕ.’

ಅವಳು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ‘ಅಯ್ಯೋ ನಿನ್ನ ಮೋಟುಗೈಗೆ! ಇಸ್ಕೂಲಿಗೇ ಸೇರುಸ್ಕೊಂಡಿರ್ಲಿಲ್ವಲ್ಲೋ ನಿನ್ನ!’

‘ಯಾಕೆ? ಸೇರಿಸಿಕೊಂಡ್ರಲ್ಲ.’

‘ಎಲ್ಲಿ? ಬಲಗೈ ತಲೆ ಮ್ಯಾಲಿಂದ ತಂದು ಎಡಗಿವಿ ಮುಟ್ಟು ಅನ್ನೋರು ಮೇಷ್ಟ್ರು. ಮುಟ್ಟಿದ್ರೆ ಐದು ವರ್ಸ ಆಯ್ತು ಅಂತ ಲೆಕ್ಕ. ಐದು ತುಂಬಿದ ವರ್ಸ ನಿಂಗೆ ಎಟುಕ್ಲೇ ಇಲ್ಲ. ತಲೆ ನೋಡಿದ್ರೆ ಕುಂಬಳಕಾಯಿ, ಕೈ ಹಿಂಗೆ. ಇನ್ನೂ ಎಳೇದು, ಬರೋ ವರ್ಸ ಕರ್ಕೊಂಡ್ ಬಾ ಅಂದ್ರು. ಬರೋ ವರ್ಸಾನೂ ಎಟುಕ್ಲಿಲ್ಲ. ಅದ್ರ ಮುಂದಿನ ವರ್ಸ ನಾನೇ ಹಿಂದೆ ನಿಂತು ನಿನ್ನ ಕಿವೀನ ಕೈ ಹತ್ರಕ್ಕೆ ಎಳೆದೆ. ನೀನು ಬಾಯಿ ಬಡ್ಕೊಂಡೆ. ಮೇಷ್ಟ್ರು ಐದು ವರ್ಸ ಅಂತ ಬರ್ಕೊಂಡ್ರು.’

ನಾನು ಅವರೆಕಾಳಿನ ಪಕ್ಕದಲ್ಲೇ ಕುಸಿದು ಕೂತೆ. ‘ಹಂಗಾದ್ರೆ ನನಗೆ ಐವತ್ತು...’

‘ತುಂಬಿ ಎಲ್ಡು ವರ್ಸ ಆಗೋಯ್ತು. ಯಾಕ್ಲಾ, ಮಕ ಹಿಂಗಾಯ್ತು?’

ಆಗ ಎಲ್ಲವನ್ನೂ ಹೇಳಿದೆ. ಅಪ್ಪ, ಅಣ್ಣ, ಜೂನ್, ಮುಡಿಪು. ಟ್ಯೂಬನ್ನು ನೀರಿನಲ್ಲಿ ಅದ್ದಿದರೆ ತೂತಿರುವ ಕಡೆ ಗುಳ್ಳೆ ಏಳುತ್ತದಲ್ಲ, ಹಾಗೆ ಒಂದೊಂದೇ ಬಂತು. ಅಕ್ಕ ಕಾಳು ಆಡಿಸುವ ಕೈಯನ್ನು ನಿಲ್ಲಿಸಲಿಲ್ಲ.

‘ಅಣ್ಣಂಗೆ ಹಾವು ಕಚ್ತು. ಹಾವೇನು ವಯಸ್ಸು ಕೇಳಿ ಕಚ್ತದಾ?’

‘ಅಪ್ಪ?’

‘ಅಪ್ಪನ ವಯಸ್ಸು ಯಾರ್ಲಾ ಲೆಕ್ಕ ಇಟ್ಟವ್ರೆ? ಹಲ್ಲೆಲ್ಲ ಉದುರೋಗಿದ್ವು. ಸಾವಿನ ಮನೇಲಿ ಯಾರೋ ಎಷ್ಟಾಗಿತ್ತು ಅಂದ್ರು. ದೊಡ್ಡಪ್ಪ ಅಳ್ತಾ ಅಳ್ತಾ ಐವತ್ತೂ ಆಗಿರ್ಲಿಲ್ವಲ್ಲಪ್ಪ ಅಂದ. ಅಳೋ ಮನೇಲಿ ಯಾರಾನಾ ಎದ್ದು ನಿಂತು, ಇಲ್ಲ ಇಲ್ಲ ಅರವತ್ತಾಗಿತ್ತು ಅಂತಾರಾ?’

ತನ್ನ ವಯಸ್ಸು ಎರಡು ವರ್ಷ ಹೆಚ್ಚಾಯಿತು ಎಂದು ಕೇಳಿ ಇಷ್ಟು ಸಂತೋಷಪಟ್ಟ ಮನುಷ್ಯ ಲೋಕದಲ್ಲಿ ನಾನೊಬ್ಬನೇ ಇರಬೇಕು. ಹೆದರಬೇಕಾದ ವರ್ಷದಲ್ಲಿ ಹೆದರದೆ, ಚೈನಿಗೆ ಎಣ್ಣೆ ಬಿಡುತ್ತ ದಾಟಿಬಿಟ್ಟಿದ್ದೆ. ದಾಟಿದ ಮೇಲೆ, ಎರಡು ವರ್ಷ ತಡವಾಗಿ, ಹಿಂದಿನ ಹಳ್ಳಕ್ಕೆ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದೆ.

ಅಕ್ಕ ಗಿಡ್ಡ ಬ್ಯಾಗನ್ನು ತೆಗೆದುಕೊಳ್ಳಲಿಲ್ಲ. ಅದರ ತುಂಬ ಅವರೆಕಾಳು ಹಾಕಿ, ‘ಗಂಗಮ್ಮಂಗೆ ಕೊಡು, ಅವಳ ಗಂಡ ಹೆಣೆದಿದ್ದು ನನಗ್ಯಾಕೆ’ ಎಂದು ನನ್ನ ಕೈಗೇ ತೂಗುಹಾಕಿದಳು. ಅವಳಿಗೆ ಎಷ್ಟು ಅರ್ಥವಾಗಿತ್ತೋ ಏನೋ.

ಕುಣಿಗಲ್ಲಿನ ಹೊರಗೆ ರಸ್ತೆಬದಿಯ ಮರದ ಕೆಳಗೆ ಬಸ್ಸಿಗೆ ನಿಂತಾಗ ನಿಧಾನವಾಗಿ ಇನ್ನೊಂದು ಯೋಚನೆ ಬಂತು. ಇಷ್ಟು ದಿನ ನನ್ನ ಭಯಕ್ಕೆ ಒಂದು ತಾರೀಖಿತ್ತು. ಅಲ್ಲಿಯವರೆಗೆ ಬರಲಾರದು ಎಂಬ ಸಣ್ಣ ನೆಮ್ಮದಿಯೂ ಇತ್ತು. ಈಗ ತಾರೀಖು ಹೋಯಿತು. ಅದು ಯಾವತ್ತು ಬೇಕಾದರೂ ಬರಬಹುದು, ಎಲ್ಲರಿಗೂ ಬರುವ ಹಾಗೆ. ಆದರೆ ಎಲ್ಲರ ಜೊತೆ ಹೆದರುವುದು ಅಷ್ಟು ಕಷ್ಟವಲ್ಲ. ಜಾಗ ಇಕ್ಕಟ್ಟು, ಆದರೆ ಮಾತಿಗೆ ಜನ ಇರುತ್ತಾರೆ.

ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬ್ಯಾಗನ್ನು ಕೆಳಗಿಟ್ಟು, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿದೆ. ಎಡಗಿವಿ ಇನ್ನೂ ದೂರವೇ ಇತ್ತು. ಉಸಿರು ಬಿಗಿಹಿಡಿದು, ತಲೆ ವಾಲಿಸಿ, ತುದಿಗಾಲಲ್ಲಿ ನಿಂತು ಎಳೆದೆ. ಹಾಗೆ ನಿಂತಿರುವಾಗಲೇ ಎದುರಿಗೆ ಕಿರ್ರೆಂದು ಬಸ್ಸೊಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಕೂಗಿದ:

‘ನಿಲ್ಸಿದ್ದೀವಲ್ಲ ಯಜಮಾನ್ರೇ, ಕೈ ಇಳ್ಸಿ! ಎಲ್ಲಿಗೆ?’

‘ಇವತ್ತು ತುಮಕೂರು’ ಎಂದೆ, ಬ್ಯಾಗು ಎತ್ತಿಕೊಂಡು ಹತ್ತುತ್ತ. ‘ಭಾನುವಾರ ಗುಬ್ಬಿ. ಇನ್ನು ಎರಡು ವರ್ಷ, ಪ್ರತಿ ಭಾನುವಾರ.’