ಎಮ್ ಆದ ಮೇಲೆ

ನಾನು ಚಿಕ್ಕವಳಿದ್ದಾಗ ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಅಪ್ಪನ ಮಗ್ಗದ ಸದ್ದಿನಿಂದ. ಟಕ್ಕಟಕ, ಟಕ್ಕಟಕ. ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದಾಗ ಅದು ಕಿವಿಗೆ ಬಿದ್ದರೇನೇ ಮನೆಗೆ ಬಂದೆ ಅನ್ನಿಸುತ್ತಿತ್ತು.

ಕಾನ್ವೆಂಟಿಗೆ ಹಾಕಿದ್ದು ನನ್ನೊಬ್ಬಳನ್ನೇ. ಅಕ್ಕ ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು, ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತಿದ್ದಳು. ಒಂದು ರಜೆಯಲ್ಲಿ, ಬೆಳಿಗ್ಗೆ ನನ್ನ ಕಿವಿಯ ಹತ್ತಿರ ಬಂದು, "ನಂಗೆ ಎಬಿಸಿಡಿ ಹೇಳ್ಕೊಡೇ. ನಿನ್ ಹಾಸ್ಟೆಲ್ ಅಡ್ರೆಸ್ ನನ್ ಕೈಯಾಗೇ ಬರ್ದು ಕಾಗ್ದ ಹಾಕ್ಬೇಕು. ಯಾರಿಗೂ ಹೇಳ್ಬ್ಯಾಡ, ನಗ್ತಾರೆ" ಅಂದಳು. ಪ್ರಾಮಿಸ್ ಮಾಡಿದೆ. ಮಗ್ಗ ಸದ್ದು ಮಾಡುವಾಗ ನಮ್ಮ ಪಾಠ. ಸದ್ದು ನಿಂತರೆ ಪಾಠವೂ ನಿಲ್ಲುತ್ತಿತ್ತು. ಅಕ್ಕನ ಅಂಗೈಯೇ ಸ್ಲೇಟು, ನನ್ನ ಬೆರಳೇ ಬಳಪ. ಹಾಗೇ ಎಮ್ ವರೆಗೆ ಬಂದೆವು.

ಆ ದಿನ ಚಳ್ಳಕೆರೆಯಿಂದ ಮಾವ ಬಂದಿದ್ದ. ಬಿಸಿ ಮುದ್ದೆ, ಹುರುಳಿ ಸಾರಿನ ಘಮ. ಊಟಕ್ಕೆ ಕೂತಾಗ ನನ್ನ ಇಂಗ್ಲಿಷ್ ರೈಮ್ ಕೇಳಿ ಎಲ್ಲರೂ ಭೇಷ್ ಅಂದರು. ನನಗೆ ಇನ್ನೂ ಬೇಕಾಯಿತು. "ಅಕ್ಕನೂ ಕಲೀತಾಳೆ! ಎಫ್‌ಗೆ ಎಪ್ಪು ಅಂತಾಳೆ!" ಅಂದುಬಿಟ್ಟೆ.

ಎಲ್ಲರೂ ಗೊಳ್ಳೆಂದು ನಕ್ಕರು. "ಏನವ್ವಾ ಮೇಡಮ್ಮು, ರಾಟೇನೂ ಇಂಗ್ಲಿಷ್‌ನಾಗೇ ತಿರುಗಿಸ್ತೀಯೇನು?" ಎಂದ ಮಾವ. ಅಪ್ಪನೂ ನಕ್ಕ. ಸಾರು ಬಡಿಸುತ್ತಿದ್ದ ಅಕ್ಕನ ಸೌಟು ನನ್ನ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಎಲ್ಲರಿಗಿಂತ ಹೆಚ್ಚಾಗಿ ನನಗೇ ಬಡಿಸಿದಳು.

ಮಧ್ಯಾಹ್ನ ಮಗ್ಗ ಮತ್ತೆ ಶುರುವಾಯಿತು. "ಬಾರಕ್ಕ, ಎಮ್ ಆದ್ಮೇಲೆ..." ಎಂದೆ. ಅವಳು ಅಂಗೈ ಮುಚ್ಚಿಕೊಂಡಳು. "ಬ್ಯಾಡ ಬಿಡೇ, ಸಾಕು." ಬೈಯಲಿಲ್ಲ.

ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ನಾನು ಹೇಳಿದ್ದು ನಿಜವನ್ನೇ. ಆದರೂ ನಾಲ್ಕು ಜನರ ನಗುವಿಗಾಗಿ ಅಕ್ಕನನ್ನು ಬಿಟ್ಟುಕೊಡುವ ಹುಡುಗಿ ನಾನು ಅಂತ ಆ ದಿನ ಗೊತ್ತಾಯಿತು. ಹಾಸ್ಟೆಲಿಗೆ ಅಕ್ಕನ ಕಾಗದ ಒಂದೂ ಬರಲಿಲ್ಲ. ಇವತ್ತಿಗೂ ಯಾರದೋ ಗುಟ್ಟು ನಾಲಿಗೆ ತುದಿಗೆ ಬಂದಾಗ ನನಗೆ ಆ ಸೌಟು ಕಾಣುತ್ತದೆ.

ಮೊಮ್ಮಕ್ಕಳೇ, ನಿಮ್ಮ ಗುಟ್ಟುಗಳಿಗೆ ಫೋನಿನಲ್ಲಿ ಪಾಸ್‌ವರ್ಡ್ ಇದೆ. ನಮ್ಮ ಗುಟ್ಟುಗಳು ಇನ್ನೊಬ್ಬರ ಬಾಯೊಳಗೆ ಇರುತ್ತಿದ್ದವು, ಅಷ್ಟೇ. ಕಳೆದ ವರ್ಷ ನಿಮ್ಮಲ್ಲಿ ಚಿಕ್ಕವಳನ್ನು ಕರೆದುಕೊಂಡು ಅಕ್ಕನನ್ನು ನೋಡಲು ಮೊಳಕಾಲ್ಮೂರಿನ ಮನೆಗೆ ಹೋಗಿದ್ದೆ. ಹಾಸಿಗೆ ಹಿಡಿದಿದ್ದಳು. ಮಗ್ಗ ಎತ್ತಿ ಎಷ್ಟೋ ವರ್ಷವಾಗಿತ್ತು. ಮರೆಮಾಚಲು ಯಾವ ಸದ್ದೂ ಇಲ್ಲದ್ದರಿಂದ ಅಕ್ಕನೂ ಚಿಕ್ಕವಳೂ ಪಿಸುಗುಟ್ಟುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಚಿಕ್ಕವಳು ಅಕ್ಕನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಒಂದು ನೇರ ಗೆರೆ, ಒಂದು ಓರೆ ಗೆರೆ, ಮತ್ತೊಂದು ನೇರ ಗೆರೆ. ಎನ್.

ವಾಪಸ್ ಬರುವಾಗ ಕಾರಿನಲ್ಲಿ, "ದೊಡ್ಡಜ್ಜಿ ಏನು ಕೇಳಿದ್ರು?" ಅಂದೆ. "ಸಾರಿ ಅಜ್ಜಿ, ಸೀಕ್ರೆಟ್" ಅಂದಳು.

ಅಕ್ಕನನ್ನು ನಾನು ನೋಡಿದ್ದು ಅದೇ ಕೊನೆ. ಚಿಕ್ಕವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ.