ಗಾಜಿನ ಪೆಟ್ಟಿಗೆಯಲ್ಲಿ ಮೇಷ್ಟ್ರ ತಂಬೂರಿ

ನಮ್ಮ ಭಜನೆ ಮೇಷ್ಟ್ರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಚಿಕ್ಕಂದಿನಿಂದ ತಂಬೂರಿ ಆನಿಸಿಕೊಂಡು ಹಾಗೇ ಕೂತುಬಿಟ್ಟಿತ್ತು. ದರ್ಜಿ ಎಷ್ಟು ನೆಟ್ಟಗೆ ಹೊಲಿದರೂ ಅಂಗಿ ಒಂದು ಕಡೆ ಜಾರುತ್ತಿತ್ತು. ಹಗಲೆಲ್ಲ ಕಾಟನ್‌ಪೇಟೆಯ ನೂಲಿನ ಅಂಗಡಿಯಲ್ಲಿ ದುಡಿದು, ಸೋಮವಾರ ಸಂಜೆ ಚಾಮರಾಜಪೇಟೆಯ ನಮ್ಮ ಮನೆಗೆ ಬಂದು ನಾಲ್ಕೈದು ಹೆಂಗಸರಿಗೆ ತತ್ವಪದ ಹೇಳಿಕೊಡುತ್ತಿದ್ದರು. ನನ್ನ ಅಪಸ್ವರಕ್ಕೆ ಎಂದೂ ಬೈದವರಲ್ಲ. "ಇರ್ಲಿ ಬಿಡಮ್ಮಾ, ದೇವ್ರಿಗೂ ಅಭ್ಯಾಸ ಆಗೋಗಿದೆ" ಎನ್ನುತ್ತಿದ್ದರು.

ಅವರು ರೇಗುತ್ತಿದ್ದುದು ಒಂದಕ್ಕೇ. ಹಾಡು ಮುಗಿದ ಮೇಲೆ ತಂತಿ ಸಡಿಲಿಸದೆ ತಂಬೂರಿಯನ್ನು ಗೋಡೆಗೆ ಒರಗಿಸಬಾರದು. "ಅದಕ್ಕೂ ಸುಸ್ತಾಗಲ್ವೇನಮ್ಮಾ? ಬಿರಡೆ ತಿರುಗ್ಸಿ ಮಲಗ್ಸು."

ಮಲ್ಲೇಶ್ವರಂನಲ್ಲಿ ಹಳ್ಳಿ ಹಾಡುಗಾರರ ಹಳೆಯ ವಾದ್ಯಗಳ ಪ್ರದರ್ಶನ ಇಡುತ್ತಾರೆಂದು ತಿಳಿದಾಗ ಅವರ ಬೆನ್ನು ಹತ್ತಿದವಳು ನಾನು. "ಮೂರೇ ತಿಂಗ್ಳು ಮೇಷ್ಟ್ರೇ, ನಾಲ್ಕು ಜನ ನೋಡ್ಲಿ."

"ಅದೇನು ನೋಡೋ ವಸ್ತುನೇನಮ್ಮಾ?" ಎಂದರು. ಆಮೇಲೆ ನನ್ನ ಮುಖ ನೋಡಿ ತಂಬೂರಿ ಕೊಟ್ಟರು.

ನೋಡಲು ಇಬ್ಬರೂ ಮೆಟ್ರೋದಲ್ಲಿ ಹೋದೆವು. ಮೆಟ್ಟಿಲು ಹತ್ತುವಷ್ಟರಲ್ಲಿ ಅವರಿಗೆ ಏದುಸಿರು. ಗಾಜಿನ ಪೆಟ್ಟಿಗೆಯೊಳಗೆ, ಸುಡುವ ದೀಪದ ಕೆಳಗೆ ತಂಬೂರಿ ನಿಂತಿತ್ತು. ಅಂದವಾಗಿ ಕಾಣಲೆಂದು ಯಾರೋ ತಂತಿಗಳನ್ನು ಬಿಗಿದಿದ್ದರು.

"ಒಂಚೂರು ಸಡಿಲ ಮಾಡ್ತೀನಪ್ಪಾ, ಸೋರೆಬುರುಡೆ ಬಿರುಕು ಬಿಡುತ್ತೆ" ಎಂದು ಕಾವಲಿನವನನ್ನು ಕೇಳಿದರು.

"ಮುಟ್ಟಂಗಿಲ್ಲ ತಾತ."

"ನಂದೇ ಕಣಪ್ಪಾ ಅದು."

ಜನ ತಿರುಗಿ ನೋಡಿದರು. ನನಗೆ ಮುಜುಗರವಾಯಿತು. "ಬನ್ನಿ ಮೇಷ್ಟ್ರೇ, ನಾಳೆ ಇಲ್ಲಿನ ಕಚೇರಿಗೆ ಫೋನ್ ಮಾಡಿ ಹೇಳ್ತೀನಿ" ಎಂದು ಕೈಹಿಡಿದು ಕರೆತಂದೆ. ಮಾಡಲಿಲ್ಲ. ಮನೆ, ಆಫೀಸು, ಅದು ಇದು ಎಂದು ಮರೆತೇಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಮುಂದಿನ ಸೋಮವಾರ ಮೇಷ್ಟ್ರು ಬರಿಗೈಯಲ್ಲಿ ಬಂದು, ಎರಡು ಪದ ಹೇಳಿ, ಸುಸ್ತು ಎಂದು ಎದ್ದರು. ತಂಬೂರಿಯ ಸುದ್ದಿ ಎತ್ತಲಿಲ್ಲ. ಹದಿನೈದು ದಿನಕ್ಕೆ ತೀರಿಕೊಂಡರು.

ಅವರ ಬಳಗದಲ್ಲಿ ಹಾಡುಗಾರ ಹೋದರೆ ಅವನದೇ ತಂಬೂರಿ ಮೀಟುತ್ತ, ಪದ ಹೇಳುತ್ತ ಸ್ಮಶಾನದವರೆಗೆ ನಡೆಯುವುದು ರೂಢಿ. ಬೆಳಿಗ್ಗೆಯೇ ಮಲ್ಲೇಶ್ವರಂಗೆ ಓಡಿದೆ. "ಪ್ರದರ್ಶನ ಮುಗಿಯೋವರ್ಗೂ ಕೊಡೋಕಾಗಲ್ಲ ಮೇಡಂ" ಎಂದರು ಕಚೇರಿಯಲ್ಲಿ. ಅಂದು ಆಡದ ಜಗಳವನ್ನೆಲ್ಲ ಈಗ ಆಡಿದೆ, ಅತ್ತೆ, ಕೈಮುಗಿದೆ. ಯಾರೂ ಜಗ್ಗಲಿಲ್ಲ.

ಮೇಷ್ಟ್ರ ಮನೆ ಬಾಗಿಲಲ್ಲಿ ಕಾಯುತ್ತಿದ್ದ ಅವರ ಹೆಂಡತಿ ನನ್ನ ಖಾಲಿ ಕೈ ನೋಡಿದರು. "ಹೋಗ್ಲಿ ಬಾಮ್ಮಾ, ಹೊತ್ತಾಯ್ತು" ಎಂದರು, ಅಷ್ಟೇ. ಮೇಷ್ಟ್ರನ್ನು ಶ್ರುತಿಯಿಲ್ಲದೆ ಕಳಿಸಿಕೊಟ್ಟೆವು.