ನೋಡೋಕೊಂದು ಕಂಬಿ, ಹಿಡಿಯೋಕೊಂದು ಪೈಪು

ನಮ್ಮ ಯಜಮಾನರು ಹೋದ ಮೇಲೆ ಮಾತಾಡಿಸಲು ಬಂದವರಲ್ಲಿ ಅರ್ಧ ಜನ ಮೊದಲು ನನ್ನ ಕೈ ಹಿಡಿದು "ಧೈರ್ಯ ತಂದ್ಕೊಳ್ಳಿ" ಎಂದರು. ಆಮೇಲೆ ತಲೆ ಎತ್ತಿ ಮೆಟ್ಟಿಲ ಕಡೆ ನೋಡಿ, "ಎಂಥಾ ತೇಗ ರೀ! ಈಗ ಇಂಥ ಕೆಲಸ ಎಲ್ಲಿ ಸಿಗುತ್ತೆ?" ಎಂದರು. ಅವರು ಇದ್ದಿದ್ದರೆ ಮರ ಯಾವ ಕಾಡಿನದು ಎನ್ನುವಲ್ಲಿಂದ ಶುರು ಮಾಡಿ, ಬಂದವರನ್ನು ಕೊನೆಯ ಬಸ್ಸಿನವರೆಗೆ ಕೂರಿಸುತ್ತಿದ್ದರು. ಈಗ ಹೇಳುವವರಿಲ್ಲ. ಕೇಳಿಸಿಕೊಳ್ಳುವವರು ಬದುಕಿಕೊಂಡರು. ಆದ್ದರಿಂದ ನಾನು ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ, ದೊಡ್ಡ ಮಾತು ಬರೆಯಲು ಬರುವುದಿಲ್ಲ. ಒಂದು ರೇಲಿಂಗಿನ ವಿಷಯಕ್ಕೆ ಅಷ್ಟು ಸಾಕು.

ಮನೆ ಕಟ್ಟಿದ್ದು ಎಪ್ಪತ್ತರ ದಶಕದ ನಡುವೆ. ಅದಕ್ಕೆ ಮುಂಚೆ ರಾಜಾಜಿನಗರದ ಒಂದು ವಠಾರದಲ್ಲಿದ್ದೆವು, ನಾವಿಬ್ಬರು ಮತ್ತು ಅತ್ತೆ. ಊರು ದಾವಣಗೆರೆ ಕಡೆ. ಅತ್ತೆ ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಊರಿನ ಮಾತು ಮಾತ್ರ ಬಿಟ್ಟವರಲ್ಲ. ವಠಾರದಲ್ಲಿ ಅವರು ಶಿವಪೂಜೆಗೆ ಕೂರುತ್ತಿದ್ದ ಜಾಗ ಅಕ್ಕಿ ಡಬ್ಬಕ್ಕೂ ಸೀಮೆಎಣ್ಣೆ ಡಬ್ಬಕ್ಕೂ ನಡುವೆ. ಪಕ್ಕದ ಮನೆಯವರು ಮೀನು ಹುರಿದರೆ ದೇವರಿಗೂ ಗೊತ್ತಾಗುತ್ತಿತ್ತು. ವಿಜಯನಗರದಲ್ಲಿ ಸೈಟು ಸಿಕ್ಕಿದ ದಿನ ಮಗ ತಾಯಿಗೆ ಮಾತು ಕೊಟ್ಟರು: "ಅವ್ವಾ, ಮಹಡಿ ಮೇಲಿನ ಪೂರ್ವದ ಕೋಣೆ ನಿನಗೆ. ಬಿಸಿಲು ನೇರವಾಗಿ ಬಂದು ಬೀಳ್ತದೆ. ಯಾರ ಒಗ್ಗರಣೆ ವಾಸನೇನೂ ಬರಲ್ಲ."

ಪಾಯ ಮುಗಿಯುವಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಕಾಲು ನಿಧಾನವಾಗಿ ಹಿಡಿತಕ್ಕೆ ಬಂತು, ಬಲಗೈ ಬರಲಿಲ್ಲ. ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು ಬಲಗೈಯಲ್ಲಿ ಪೂಜೆ ಮಾಡುವುದು ನಮ್ಮಲ್ಲಿ ಕ್ರಮ. ಅತ್ತೆ ಬಿದ್ದುಹೋದ ಬಲಗೈಯನ್ನು ತೊಡೆಯ ಮೇಲಿಟ್ಟು, ಅದರಲ್ಲಿ ಲಿಂಗವನ್ನು ಕೂರಿಸಿ, ಎಡಗೈಯಲ್ಲಿ ಪತ್ರೆ ಏರಿಸತೊಡಗಿದರು. ಊರಿಂದ ಬಂದ ಸೋದರಮಾವ, ಅಂದರೆ ಅತ್ತೆಯ ತಮ್ಮ, "ಇದು ಕ್ರಮ ಅಲ್ಲಕ್ಕಾ" ಎಂದು ಗೊಣಗಿದರು.

"ಇಷ್ಟು ದಿವಸ ಈ ಕಡಿ ಕುಂತಿದ್ದ, ಈಗ ಆ ಕಡಿ ಕುಂತಾನ. ಅವನಿಗಿಲ್ಲದ ತ್ರಾಸು ನಿನಗ್ಯಾಕೋ?" ಎಂದರು ಅತ್ತೆ.

ಮಹಡಿ ಕೋಣೆ ಬೇಡ, ಕೆಳಗೇ ಒಂದು ಮೂಲೆ ಮಾಡಿಕೊಡೋಣ ಎಂದು ಎಲ್ಲರೂ ಹೇಳಿದೆವು. ಅವರು ಒಪ್ಪಲಿಲ್ಲ. "ಕೊಟ್ಟ ಕೋಣಿ ಕೊಡು" ಎಂದು ಮಗನಿಗೆ ಹೇಳಿ ಮಾತು ಮುಗಿಸಿದರು. ಎತ್ತಿಕೊಂಡೋ ಕೈ ಹಿಡಿದೋ ಹತ್ತಿಸೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ಸ್ನಾನ ಮಾಡಿ ಪೂಜೆಗೆ ಹೊರಟ ಮೇಲೆ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಹಿಡಿದುಕೊಳ್ಳಲು ಮೆಟ್ಟಿಲಿನ ಕಂಬಿಯೊಂದೇ ಗತಿ. ಇಷ್ಟು ತಿಳಿದ ಮೇಲೆ ಕಂಬಿ ಯಾವ ಕಡೆ ಇರಬೇಕು ಎಂದು ಯಾರಿಗಾದರೂ ಹೊಳೆಯುತ್ತದೆ. ನಮ್ಮವರಿಗೆ ಹೊಳೆದದ್ದು ಅದು ಯಾವ ಮರದ್ದಿರಬೇಕು ಎಂಬುದು.

ಹೀಗೆ ನಮ್ಮ ಭಾನುವಾರಗಳ ಯಾತ್ರೆ ಶುರುವಾಯಿತು. ಬೆಳಗಿನ ತಿಂಡಿ ಮುಗಿಸಿ ಸ್ಕೂಟರಿನಲ್ಲಿ ಹೊರಡುವುದು. ಬಸವೇಶ್ವರನಗರ, ರಾಜಾಜಿನಗರ, ಎಲ್ಲಿ ಮಹಡಿ ಮನೆ ಕಂಡರೆ ಅಲ್ಲಿ ನಿಲ್ಲಿಸುವುದು. "ನಮಸ್ಕಾರ ಸಾರ್, ನಿಮ್ಮ ಮೆಟ್ಟಿಲು ನೋಡೋಣ ಅಂತ ಬಂದ್ವಿ." ಆಗಿನ ಜನ ಒಳ್ಳೆಯವರು. ಮೆಟ್ಟಿಲು ತೋರಿಸಿ ಕಾಫಿಯನ್ನೂ ಕೊಡುತ್ತಿದ್ದರು. ಇವರು ಕಂಬಿಯನ್ನು ಸವರಿ, ಬಗ್ಗಿ ಕಣ್ಣಿಟ್ಟು ನೋಡಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಗೇಟು ದಾಟಿದ ಮೇಲೆ "ಪರವಾಗಿಲ್ಲ, ಆದ್ರೆ ಲಕ್ಷಣ ಇಲ್ಲ" ಎನ್ನುತ್ತಿದ್ದರು. ನನ್ನನ್ನು ನೋಡಲು ಬಂದಾಗ ಒಂದು ತಟ್ಟೆ ಮಂಡಕ್ಕಿ ಮುಗಿಯುವುದರೊಳಗೆ ಒಪ್ಪಿಕೊಂಡ ಮನುಷ್ಯ. ಆಗ ಇಷ್ಟು ವಿಚಾರ ಮಾಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಸಿಮೆಂಟಿನ ಕಟ್ಟೆ ಒರಟು ಎಂದು ಬಿಟ್ಟರು. ಕಬ್ಬಿಣದ ಸರಳು ಪೊಲೀಸ್ ಸ್ಟೇಷನ್ ಥರ ಎಂದು ಬಿಟ್ಟರು. ಕೊನೆಗೆ ತೇಗವೇ ಸರಿ ಎಂದಾಯಿತು. ತೇಗದ ಕಂಬಿ ಕೆಳಗೆ ಬಂದು ಕೊನೆಯಾಗುವ ಕಡೆ ಆನೆಯ ಸೊಂಡಿಲಿನ ಹಾಗೆ ಸುರುಳಿ ಸುತ್ತಿರಬೇಕು. ಯಾವ ಮನೆಯಲ್ಲಿ ನೋಡಿದ್ದರೋ ನೆನಪಿಲ್ಲ. ನಮ್ಮದು ಆ ಮನೆಯ ಆನೆಗಿಂತ ಒಂದು ಸುತ್ತು ಜಾಸ್ತಿ.

ನಮ್ಮ ಮೆಟ್ಟಿಲು ಮುಂದಿನ ಹಾಲ್‌ನಿಂದ ನೇರವಾಗಿ ಮೇಲೆ ಹೋಗುತ್ತದೆ. ಹತ್ತುವಾಗ ಎಡಕ್ಕೆ ಗೋಡೆ, ಬಲಕ್ಕೆ ತೆರೆದ ಹಾಲ್. ತೇಗ ಬಂದದ್ದು ಹಾಲಿನ ಕಡೆಗೆ, ಬಂದವರಿಗೆ ಕಾಣಬೇಕಲ್ಲ. ಅತ್ತೆ ಇಳಿಯುವಾಗ ಅದು ಅವರ ಎಡಗೈಗೆ ಸಿಗುತ್ತದೆ. ಹತ್ತುವಾಗ ಸಿಗುವುದು ಬಲಗೈಗೆ, ಆ ಕೈಗೆ ಹಿಡಿಯಲು ಶಕ್ತಿಯೇ ಇಲ್ಲ. ಮರ ಇಳಿಸಿದ ದಿನವೇ ಇದನ್ನು ಹೇಳಿದೆ.

"ರೀ, ಗೋಡೆ ಕಡೇನೂ ಒಂದು ಹಾಕಿಸಿಬಿಡಿ. ಸಾದಾದೇ ಸಾಕು."

"ಗೋಡೆಗ್ಯಾರಾದ್ರೂ ರೇಲಿಂಗ್ ಹಾಕ್ತಾರೇನೇ? ಆಸ್ಪತ್ರೆ ಥರ ಕಾಣುತ್ತೆ."

"ಅತ್ತೆ ಹತ್ತೋದು ಹೇಗೆ?"

"ಇಳಿಯೋದೇ ಕಣೇ ಅಪಾಯ. ಇಳಿಯೋವಾಗ ಸಿಗುತ್ತಲ್ಲ?"

ಹತ್ತದೆ ಇಳಿಯುವ ಉಪಾಯವನ್ನು ನಾನು ಕೇಳಲಿಲ್ಲ. ಅದನ್ನೂ ಯಾವುದಾದರೂ ಮನೆಗೆ ಹೋಗಿ ನೋಡಿಕೊಂಡು ಬರೋಣ ಎಂದುಬಿಟ್ಟರೆ ಕಷ್ಟ.

ಬಡಗಿ ಮಾತಿನ ಮಲ್ಲ. ಇವರ ಮನಸ್ಸನ್ನು ಮೊದಲ ದಿನವೇ ಓದಿಕೊಂಡಿದ್ದ. ಪಾಲಿಶ್ ಮುಗಿಸಿದ ದಿನ ಎರಡು ಹೆಜ್ಜೆ ಹಿಂದೆ ಸರಿದು ನಿಂತು, "ಸಾರ್, ಇದು ಹಿಡ್ಕೊಳ್ಳೋ ಮಾಲಲ್ಲ, ನೋಡೋ ಮಾಲು" ಎಂದ. ಇವರು ಖುಷಿಯಿಂದ ನನ್ನ ಕಡೆ ತಿರುಗಿದರು. "ಕೇಳಿದ್ಯಾ?"

ಕೇಳಿದ್ದೆ. ಹಿಂದೆ ಕೂತಿದ್ದ ಅತ್ತೆಯೂ ಕೇಳಿದ್ದರು. "ಚೆಂದ ಐತಪ್ಪಾ ಆನಿ. ನಿಮ್ಮವ್ವನ ಕೈ ಯಾವ ಕಡಿಗೈತಿ ಅಂತ ಅದರ ಹತ್ರನ ಕೇಳಿದ್ದರಾಗಿತ್ತು."

ಇವರು ನಕ್ಕರು. ತಾಯಿ ತಮಾಷೆ ಮಾಡುತ್ತಿದ್ದಾರೆಂದುಕೊಂಡರು.

ಗೃಹಪ್ರವೇಶಕ್ಕೆ ಜನ ತುಂಬಿದ್ದರು. ಊರಿನ ಕಡೆಯವರು, ಇವರ ಆಫೀಸಿನವರು, ವಠಾರದವರು. ಚಂದ್ರಾ ಲೇಔಟ್ ಕಡೆ ಆಗಿನ್ನೂ ಹೊಲ. ರಾಗಿ ಪೈರು ದಾಟಿ ನಡೆದು ಬಂದವರು ಅಂಗಳದಲ್ಲಿ ಕಾಲು ತೊಳೆದು ಒಳಗೆ ಬಂದರೆ ಮೊದಲ ದರ್ಶನ ಆನೆಯದು. ಇವರು ಸೊಂಡಿಲ ಪಕ್ಕದಲ್ಲೇ ಮಾವುತನ ಹಾಗೆ ನಿಂತಿದ್ದರು. ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ಇವರು ನೋಡಿದರೋ ಇಲ್ಲವೋ ನನಗೆ ಅನುಮಾನ.

ಹಾಲಿನಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕಿ ಬಡಿಸುತ್ತಿದ್ದಾಗ ಅತ್ತೆ ಸ್ನಾನ ಮುಗಿಸಿ ಬಂದರು. ಹಣೆ ತುಂಬ ವಿಭೂತಿ. ಬಲಗೈಯನ್ನು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡಿದ್ದರು. ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದರು. ಇವರಿಗೆ ಆಗ ಅರ್ಥವಾಯಿತೆಂದು ಕಾಣುತ್ತದೆ, ಕೈ ಚಾಚಿದರು.

"ಮುಟ್ಟಬ್ಯಾಡ" ಎಂದರು ಅತ್ತೆ.

ಆಮೇಲೆ ಅವರು ಮೆಟ್ಟಿಲಿಗೆ ಬೆನ್ನು ಮಾಡಿ ತಿರುಗಿ ನಿಂತರು. ಈಗ ತೇಗ ಎಡಗೈಗೆ ಸಿಕ್ಕಿತು. ಸೊಂಡಿಲು ಹಿಡಿದು, ಹಿಮ್ಮುಖವಾಗಿ ಮೊದಲ ಮೆಟ್ಟಿಲು ಏರಿದರು. ಮತ್ತೊಂದು. ಊಟಕ್ಕೆ ಕೂತವರೆಲ್ಲ ತುತ್ತನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಅತ್ತೆ ಅವರನ್ನೇ ನೋಡುತ್ತ ಏರುತ್ತಿದ್ದರು.

"ಉಣ್ರಿ, ಉಣ್ರಿ. ಹೋಳಿಗಿಗೆ ತುಪ್ಪ ಹಾಕಿಸ್ಕೊಳ್ರಿ. ಏನೋ ತಮ್ಮಾ, ಬಾಯಿ ತಕ್ಕೊಂಡು ಕುಂತೀಯಲ್ಲ? ಮನಿ ನೋಡಾಕ ಬಂದೀರಿ, ನಾ ನಿಮ್ಮನ್ನ ನೋಡ್ತೀನಿ."

ಸೋದರಮಾವ ಬಾಯಿ ಮುಚ್ಚಿಕೊಂಡರು. ಒಂದಿಬ್ಬರು ನಕ್ಕರು. ಮುಕ್ಕಾಲು ಭಾಗ ಏರಿದ ಮೇಲೆ ಅತ್ತೆಯ ಹಿಮ್ಮಡಿ ಸೀರೆಯ ಅಂಚಿಗೆ ಸಿಕ್ಕಿತು. ಮೈ ಒಮ್ಮೆ ಮುಂದಕ್ಕೆ, ಹಾಲಿನ ಕಡೆಗೆ ವಾಲಿತು. ಕಂಬಿ ಕಿರ್ರೆಂದಿತು. ನನ್ನ ಕೈಯಿಂದ ಸಾರಿನ ಪಾತ್ರೆ ಬಿತ್ತು. ಪಂಕ್ತಿಯವರೆಲ್ಲ ಎದ್ದು ನಿಂತರು. ಊಟದ ನಡುವೆ ಏಳಬಾರದು ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಇವರು ನಾಲ್ಕು ಮೆಟ್ಟಿಲು ಹಾರಿ ಹೋಗಿ, ಎರಡೂ ಕೈ ಚಾಚಿ, ಮುಟ್ಟಲೂ ಆಗದೆ ಹಿಂದೆ ಬರಲೂ ಆಗದೆ ನಿಂತುಬಿಟ್ಟರು.

ಅತ್ತೆ ಸಾವರಿಸಿಕೊಂಡರು. ಉಸಿರು ಬಿಟ್ಟು ಮಗನಿಗೆ ಹೇಳಿದರು: "ಮರ ಗಟ್ಟಿ ಐತಿ ಬಿಡಪ್ಪಾ."

ಅವರು ಕೋಣೆ ಸೇರಿ ಪೂಜೆ ಮುಗಿಸುವವರೆಗೆ ಇವರು ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಆಫೀಸಿನವರೊಬ್ಬರು ಸೊಂಡಿಲು ಸವರುತ್ತ, "ಯಾವ ಮರ ಸಾರ್?" ಎಂದು ಕೇಳಿದರು. ಮದುವೆಯಾದ ಮೇಲೆ ಮೊದಲ ಬಾರಿಗೆ ನಮ್ಮವರು ಉತ್ತರ ಗೊತ್ತಿದ್ದೂ ಸುಮ್ಮನಿದ್ದರು.

ಮರುದಿನ ಆಫೀಸಿಗೆ ಹೋಗಲಿಲ್ಲ. ಎಲ್ಲಿಗೆ ಎಂದು ಹೇಳದೆ ಹೊರಟವರು, ಮಾಗಡಿ ರಸ್ತೆ ಕಡೆಯಿಂದ ಒಂದು ತಳ್ಳುಗಾಡಿಯ ಪಕ್ಕದಲ್ಲಿ ನಡೆದುಕೊಂಡು ಬಂದರು. ಗಾಡಿಯ ಮೇಲೆ ಉದ್ದನೆಯ ನೀರಿನ ಪೈಪು. ಭಾನುವಾರಗಳಿಲ್ಲ, ಸವರಿದ್ದಿಲ್ಲ, ತಟ್ಟಿ ಸದ್ದು ಕೇಳಿದ್ದೂ ಇಲ್ಲ. ಬಡಗಿಯನ್ನೂ ಕರೆಯಲಿಲ್ಲ, ಕರೆದರೆ ಅವನು ಪೈಪಿಗೂ ಸೊಂಡಿಲು ಕೇಳುತ್ತಾನೆಂಬ ಭಯವಿರಬೇಕು.

"ಅವ್ವಾ, ಇಲ್ಲಿ ಬಂದು ನಿಂತ್ಕೋ."

ಅತ್ತೆ ಗೋಡೆಯ ಪಕ್ಕ ನಿಂತರು. "ಎಡಗೈ ಚಾಚು. ಹಂಗೇ ಇಡು." ಕೈ ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಪ್ರತಿ ಮೆಟ್ಟಿಲಿನಲ್ಲೂ ನಿಲ್ಲಿಸಿ ಗೆರೆ. ಪೂಜೆಯ ಹೊತ್ತಲ್ಲ, ಮುಟ್ಟಬಹುದಿತ್ತು. ಸೊಂಟದ ಹಿಂದೆ ಒಂದು ಕೈ ಇಟ್ಟುಕೊಂಡೇ ಹತ್ತಿಸಿದರು. ಹೊಸ ಡಿಸ್ಟೆಂಪರ್ ಗೋಡೆಗೆ ಉಳಿ ಹೊಡೆದು, ಮರದ ಗೂಟ ಬಡಿದು, ಕ್ಲ್ಯಾಂಪು ಹಾಕಿದರು. ಗೋಡೆ ತುಂಬ ಗಾಯ. ಪೈಪು ನಡುವೆ ಸ್ವಲ್ಪ ಸೊಟ್ಟ, ಈಗಲೂ ಹಾಗೇ ಇದೆ.

"ಗೋಡೆಗ್ಯಾಕಪ್ಪಾ ಕಂಬಿ? ದವಾಖಾನಿ ಆದಂಗಾತಲ್ಲ" ಎಂದರು ಅತ್ತೆ. ಅಂದರೆ ಅವತ್ತಿನ ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು.

"ನಿನಗಲ್ಲವ್ವಾ. ಜನ ಕೈಯಿಟ್ಟು ಗೋಡೆ ಕೊಳೆ ಮಾಡ್ತಾರೆ, ಅದಕ್ಕೆ" ಎಂದರು ಇವರು, ಗೋಡೆಯಿಂದ ಉದುರಿದ ಗಾರೆ ಕೊಡವಿಕೊಳ್ಳುತ್ತ.

ಮಾರನೆಯ ಬೆಳಗ್ಗೆ ಅತ್ತೆ ಸ್ನಾನ ಮಾಡಿ ಬಂದು, ಮುಖ ಮುಂದೆ ಮಾಡಿ, ಒಬ್ಬರೇ ಹತ್ತಿ ಹೋದರು. ಇವರು ಹಾಲಿನಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ತಲೆಕೆಳಗಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನೆಟ್ಟಗೇ ಇತ್ತು; ಅತ್ತೆ ಕೋಣೆ ಸೇರುವವರೆಗೂ ಹಾಳೆ ಮಾತ್ರ ಮಗುಚಲಿಲ್ಲ. ಆಮೇಲೆ ಅತ್ತೆ ಇರುವ ತನಕ ಆ ಕೋಣೆಯ ಪೂಜೆ ತಪ್ಪಲಿಲ್ಲ.

ಅತ್ತೆ ಗಿಡ್ಡ. ಪೈಪು ಅವರ ಎತ್ತರಕ್ಕೆ ಕೂತಿದ್ದರಿಂದ ಬೇರೆಯವರಿಗೆ ತೀರ ತಗ್ಗು. ಉದ್ದನೆಯ ಆಳಾದ ನಮ್ಮವರಿಗೆ ಅದು ತೊಡೆಯ ಹತ್ತಿರ ಬರುತ್ತಿತ್ತು. ಅವರು ಯಾವಾಗಲೂ ತೇಗ ಹಿಡಿದೇ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಬಂದವರಿಗೆ ಆನೆಯ ಕಥೆಯನ್ನೂ ಹೇಳುತ್ತಿದ್ದರು. ಪೈಪಿನ ಕಥೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಚಿನ ವರ್ಷಗಳಲ್ಲಿ ಅವರ ಬೆನ್ನು ಬಾಗಿತು. ನಾನು ಎದುರಿಗಿದ್ದರೆ ತೇಗದ ಕಡೆಯಿಂದಲೇ ಹತ್ತುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದೇನೆಂದುಕೊಂಡಾಗ ಗೋಡೆಯ ಕಡೆಯಿಂದ. ಬಾಗಿಲ ಸಂದಿಯಿಂದ ನಾನು ನೋಡಿದ್ದೇನೆ. ಬಗ್ಗಿ ಬಗ್ಗಿ ಕೊನೆಗೆ ಅವರು ತಾವೇ ಎಳೆದ ಸೀಮೆಸುಣ್ಣದ ಗೆರೆಯ ಎತ್ತರಕ್ಕೆ ಬಂದಿದ್ದರು. ಕೈ ತಡಕಾಡುತ್ತಿರಲಿಲ್ಲ, ನೇರವಾಗಿ ಪೈಪಿನ ಮೇಲೆ ಬೀಳುತ್ತಿತ್ತು. ಹೇಳಬಹುದಿತ್ತು, "ರೀ, ಆಸ್ಪತ್ರೆ ಥರ ಕಾಣುತ್ತೆ" ಅಂತ. ನಾಲಿಗೆ ತುದಿಗೆ ಎಷ್ಟೋ ಸಲ ಬಂದಿತ್ತು.

ಈಗ ಮಗಳು ಮನೆಗೆ ಬಣ್ಣ ಹೊಡೆಸೋಣ ಎನ್ನುತ್ತಿದ್ದಾಳೆ. "ಆ ಸೊಟ್ಟ ಪೈಪು ತೆಗಿಸಿಬಿಡೋಣ ಅಮ್ಮಾ. ಅಪ್ಪನ ತೇಗ ಒಂದಿದ್ರೆ ಸಾಕು, ಅದು ಅಪ್ಪನ ನೆನಪು."

ತೇಗ ಅಪ್ಪನದು ನಿಜ. ಪೈಪು ಯಾರದು ಎಂದು ಅವಳಿಗೆ ಗೊತ್ತಿಲ್ಲ, ಅವಳು ಹುಟ್ಟುವ ಮೊದಲಿನದು. ಇದನ್ನು ಓದಿದರೆ ತಿಳಿಯುತ್ತದೆ. ತೆಗೆಸಬೇಡ ಎಂದಷ್ಟೇ ಹೇಳಿದ್ದೇನೆ.

ಅವರ ಫೋಟೋ ಮೇಲಿನ ಪೂರ್ವದ ಕೋಣೆಯಲ್ಲಿ, ಅತ್ತೆಯ ಫೋಟೋ ಪಕ್ಕದಲ್ಲಿದೆ. ಬೆಳಗ್ಗೆ ಹೂವು ಹಾಕಲು ಹತ್ತುತ್ತೇನೆ. ಬಲಗೈಯಲ್ಲಿ ಹೂವಿನ ಬುಟ್ಟಿ. ಎಡಗೈ ಪೈಪಿನ ಮೇಲೆ. ನಾನೂ ಗಿಡ್ಡ, ನನಗದು ಮೊದಲಿನಿಂದಲೂ ಸರಿಯಾದ ಎತ್ತರ. ತೇಗದ ಕಡೆಗೂ ಒಮ್ಮೆ ನೋಡುತ್ತೇನೆ. ನೋಡೋ ಮಾಲಲ್ಲವೇ ಅದು.